ಕಾರ್ಡ್ ಮೇಲೊಂದು ಕ್ರೇಪ್ ಗುಲಾಬಿ

ಗ್ರೀಟಿಂಗ್ ಕಾರ್ಡ್ ಮೇಲಿನ ಪೇಪರ್ ಹೂವು ನಿಜವಾದ ಹೂವಿನ ಥರಾನೇ ಕಾಣ್ಬೇಕು ಅಂದ್ರೆ ಕ್ರೇಪ್ ಪೇಪರೇ (ಎಳೆದ್ರೆ ಹಿಗ್ಗೋ ಸುಕ್ಕು ಸುಕ್ಕು ಕಾಗದ) ಬೇಕು ಅನ್ನೋದು ನನ್ನ ಹಠ. ಅದರಲ್ಲಿ ಸಣ್ಣ ಸಣ್ಣ ಗೆರೆ ಇರುತ್ತಲ್ಲ, ಆ ಗೆರೆ ಎಸಳಿನ ಬುಡದಿಂದ ತುದಿ ಕಡೆಗೆ ಹೋಗೋ ಹಾಗೆ ಕತ್ತರಿಸ್ಬೇಕು, ಆಮೇಲೆ ಎರಡೂ ಹೆಬ್ಬೆರಳಲ್ಲಿ ನಡು ಭಾಗಾನ ಮೆಲ್ಲಗೆ ಅಗಲಿಸಿದ್ರೆ ಬಟ್ಟಲಿನ ಹಾಗೆ ಕುಳಿ ಬೀಳುತ್ತೆ, ಗೆರೆ ಅಡ್ಡ ಬಂದಿದ್ರೆ ಎಷ್ಟು ಎಳೆದ್ರೂ ಆ ಶೇಪ್ ಬರಲ್ಲ.

ಗುಲಾಬಿ ಆದ್ರೆ ಒಳಗಿನ ಎಸಳು ಚಿಕ್ಕದು, ಬಿಗಿಯಾಗಿ ಸುತ್ತಿರ್ಬೇಕು. ಹೊರಗಿನವು ದೊಡ್ಡವು, ಅಂಚನ್ನ ಸಣ್ಣ ಕಡ್ಡಿಗೆ ಸುತ್ತಿ ಬಿಟ್ರೆ ಹಿಂದಕ್ಕೆ ಸುರುಳಿ ಆಗುತ್ತೆ. ಎಲ್ಲಾನೂ ಒಂದೇ ಅಳತೆಗೆ ನೀಟಾಗಿ ಕತ್ತರಿಸಿದ್ರೆ ಪ್ಲಾಸ್ಟಿಕ್ ಹೂವಿನ ಕಳೆ ಬಂದ್ಬಿಡುತ್ತೆ, ಅಯ್ಯೋ ಬೇಡ, ಒಂದೆರಡು ಎಸಳು ಸ್ವಲ್ಪ ಸೊಟ್ಟಗೇ ಇರ್ಲಿ. ಬುಡಕ್ಕೆ ಗಾಢ ಬಣ್ಣ ಬೇಕಾದ್ರೆ ಸಾಫ್ಟ್ ಪೇಸ್ಟಲ್ (ಚಾಕ್‌ಪೀಸ್ ಥರದ ಬಣ್ಣದ ಕಡ್ಡಿ) ಕೆರೆದು ಪುಡಿ ಮಾಡಿ ಒಣ ಬ್ರಷ್‌ನಲ್ಲಿ ತೀಡಿ, ನೀರು ಮುಟ್ಟಿಸಿದ್ರೆ ಕ್ರೇಪ್ ಬಣ್ಣ ಬಿಡುತ್ತೆ, ಸುಕ್ಕೂ ಬಿಚ್ಕೊಳ್ಳುತ್ತೆ.

ಕಾರ್ಡಿಗೆ ಪೂರ್ತಿ ದುಂಡು ಹೂವು ಬೇಕಾಗಿಲ್ಲ. ಹಿಂದಿನ ಎಸಳನ್ನ ಚಪ್ಪಟೆಯಾಗಿ ಅಂಟಿಸಿ ಮುಂದಿನವನ್ನ ಮಾತ್ರ ಎತ್ತಿ ನಿಲ್ಲಿಸಿದ್ರೆ ಸಾಕು, ನೋಡೋರಿಗೆ ಗೊತ್ತೂ ಆಗಲ್ಲ. ಬೇಸ್‌ಗೆ 300 ಜಿಎಸ್‌ಎಂ (ಚದರ ಮೀಟರ್‌ಗೆ 300 ಗ್ರಾಂ ತೂಗೋ) ಕಾರ್ಡ್‌ಸ್ಟಾಕ್, ಅಂದ್ರೆ ದಪ್ಪ ಕಾಗದ ಹಾಕಿ, ತೆಳ್ಳಗಿದ್ರೆ ಹೂವಿನ ಭಾರಕ್ಕೆ ಕಾರ್ಡ್ ನೆಟ್ಟಗೆ ನಿಲ್ಲಲ್ಲ. ಗಮ್ ತೆಳುವಾಗಿ ಹಚ್ಚಿ, ಜಾಸ್ತಿ ಆದ್ರೆ ಕಲೆ ಕಾಣುತ್ತೆ.

ಪೋಸ್ಟಲ್ಲಿ ಕಳಿಸೋದಾದ್ರೆ ಮಾಮೂಲಿ ಕವರ್ ಮರೆತ್ಬಿಡಿ, ಹೂವು ಅಪ್ಪಚ್ಚಿ ಆಗುತ್ತೆ. ಹೂವಿಗಿಂತ ಸ್ವಲ್ಪ ಎತ್ತರದ ಪುಟ್ಟ ಡಬ್ಬಿ ಮಡಚಿ ಅದರೊಳಗಿಟ್ಟು ಕಳಿಸಿ.