ಗೊಮ್ಮಟನ ಎದುರು ನಿಂತ ಅಜ್ಜಿ

ಶ್ರವಣಬೆಳಗೊಳಕ್ಕೆ ಹೋಗುವವರಿಗೆ ಮೊದಲೇ ಒಂದು ಮಾತು. ಬೆಟ್ಟದ ಕೆಳಗೆ ಸಾಕ್ಸ್ ಮಾರುತ್ತಾರೆ, ತಗೊಳ್ಳಿ. ನಾನು ತಗೊಳ್ಳಲಿಲ್ಲ. ಹಾಸನದವನು, ಸ್ಕೂಲ್ ಟ್ರಿಪ್ಪಿನಲ್ಲೇ ಮೂರು ಸಲ ಹತ್ತಿದವನು, ನನಗ್ಯಾಕೆ ಸಾಕ್ಸು ಅನ್ನೋ ಜಂಬ. ಚನ್ನರಾಯಪಟ್ಟಣದಲ್ಲಿ ಬಸ್ ತಪ್ಪಿತು. ವಿಂಧ್ಯಗಿರಿಯ ಬುಡಕ್ಕೆ ಬಂದಾಗ ಹನ್ನೆರಡು ದಾಟಿತ್ತು. ಮಾರ್ಚ್ ಬಿಸಿಲು, 600ಕ್ಕೂ ಜಾಸ್ತಿ ಮೆಟ್ಟಿಲು, ಬರಿಗಾಲು. ಕಾದ ಕಾವಲಿಯ ಮೇಲೆ ಕುಣಿಯುತ್ತಾ ಹತ್ತಿದೆ.

ನಮಗೆ ತಪಸ್ಸು ಕಾಲ ನಡೆಯುತ್ತಿತ್ತು. ಈಸ್ಟರ್‌ಗೆ ಮುಂಚಿನ ನಲವತ್ತು ದಿನ. ಮಾಂಸ ಬಿಟ್ಟಿದ್ದೆ, ಮನಸ್ಸು ಮಾತ್ರ ಎಲ್ಲೂ ನಿಲ್ಲುತ್ತಿರಲಿಲ್ಲ. ಮೈಮೇಲೆ ಬಳ್ಳಿ ಹಬ್ಬುವವರೆಗೂ ನಿಂತೇ ಇದ್ದವನನ್ನು ಒಮ್ಮೆ ನೋಡಿ ಬರೋಣ ಅನ್ನಿಸಿತ್ತು.

ನೋಡಿದೆ. 58 ಅಡಿ, ಒಂದೇ ಬಂಡೆ. ಆ ಮುಖದ ಬಗ್ಗೆ ನಾನೇನೂ ಹೇಳಲಾರೆ. ಅದಕ್ಕೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುವವರನ್ನು ಕಂಡರೆ ಮಾತ್ರ ನನಗಾಗದು. ಪಾದದ ಬಳಿ ಹುತ್ತದ ಪಕ್ಕ ಹಳೆಯ ಅಕ್ಷರಗಳಿವೆ. ಚಾವುಂಡರಾಯ ಮಾಡಿಸಿದ್ದು ಅಂತ ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಕೆತ್ತಿದ್ದಾರೆ. ಗಂಗರ ಮಂತ್ರಿ, ಸೇನಾಪತಿ. 981ರ ಸುಮಾರಿನ ಮಾತು. ಇಷ್ಟು ದೊಡ್ಡ ಕೆಲಸ ಮಾಡಿಸಿದವನು ಹೆಸರು ಹಾಕಿಸಿಕೊಳ್ಳದೆ ಇರುತ್ತಾನಾ ಅಂದುಕೊಂಡೆ. ನಮ್ಮ ಚರ್ಚಿಗೆ ಎರಡು ಬೆಂಚು ಕೊಟ್ಟು, ಹಿಂದೆ ನನ್ನ ಹೆಸರು ಬರೆಸಿದ್ದು ನೆನಪಾಯಿತು.

ಹೊರಗೆ ಬಂದರೆ ಮತ್ತೆ ಕಾಲು ಸುಡತೊಡಗಿತು. ಎದುರಿನ ಮಂಟಪದ ನೆರಳಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಬೆಳಗಾವಿ ಕಡೆಯವರು.

"ಕಾಲ್ ಸುಡಾಕತ್ತಾವೇನು ತಮ್ಮಾ? ಬಾ, ಇಲ್ಲಿ ಕುಂದ್ರು."

ಕೂತೆ. ಯಾರ ಪೈಕಿ ಅಂತ ಕೇಳಿದರು. ಕ್ರಿಶ್ಚಿಯನ್ ಅಂದೆ. "ಹೌದಾ? ನಮ್ಮ ಊರಾಗ ದವಾಖಾನಿ ಸಿಸ್ಟರ್ ನಿಮ್ಮವರ," ಅಂದು ಪಕ್ಕದ ಕಲ್ಲಿನ ಹೆಂಗಸಿಗೆ ಕೈ ಮುಗಿದರು. ಗುಳ್ಳಕಾಯಜ್ಜಿ. ಮೂರು ಸಲ ಬಂದರೂ ನಾನು ನೋಡಿಯೇ ಇರಲಿಲ್ಲ. ದೊಡ್ಡವನನ್ನು ನೋಡುವ ಆತುರದಲ್ಲಿ ದಾಟಿ ಹೋಗಿದ್ದೆ.

ಕಥೆಯನ್ನು ಅವರೇ ಹೇಳಿದರು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದನಂತೆ. ಹಾಲು ಸೊಂಟ ದಾಟಿ ಕೆಳಗಿಳಿಯಲಿಲ್ಲ. ಕೊನೆಗೆ ಒಬ್ಬ ಮುದುಕಿ ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಹೊಯ್ದಳು. ಅಷ್ಟೇ ಹಾಲು ಪಾದದವರೆಗೂ ಹರಿದು, ಬೆಟ್ಟವೆಲ್ಲ ತೋಯಿಸಿತಂತೆ. ಮಂತ್ರಿಯ ಸೊಕ್ಕು ಇಳಿಸಲು ಕೂಷ್ಮಾಂಡಿನಿ ದೇವಿಯೇ ಹಾಗೆ ಬಂದದ್ದು ಅನ್ನುತ್ತಾರೆ.

"ನಮ್ಮಲ್ಲೂ ಇಂಥ ಒಬ್ಬಳಿದ್ದಾಳೆ ಅಜ್ಜಿ," ಅಂದೆ. ಮಾರ್ಕನ ಶುಭಸಂದೇಶದ 12ನೇ ಅಧ್ಯಾಯ. ಜೆರುಸಲೇಮಿನ ದೇವಾಲಯ, ಕಾಣಿಕೆ ಪೆಟ್ಟಿಗೆ. ಸಾಹುಕಾರರು ಬಂದು ಜಾಸ್ತಿ ಜಾಸ್ತಿ ಹಾಕುತ್ತಾರೆ. ಬಡ ವಿಧವೆಯೊಬ್ಬಳು ಎರಡು ಕಾಸು ಹಾಕುತ್ತಾಳೆ. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಇವಳೇ ಅಂತ ಯೇಸು ಶಿಷ್ಯರಿಗೆ ಹೇಳುತ್ತಾನೆ. ಉಳಿದವರು ಮಿಕ್ಕಿದ್ದರಲ್ಲಿ ಕೊಟ್ಟರು, ಇವಳು ಬದುಕಿಗೆ ಇದ್ದದ್ದನ್ನೇ ಕೊಟ್ಟಳು.

ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಹೆಚ್ಚಾಗಿ ಚರ್ಚಿನ ರಿಪೇರಿಗೆ ಹಣ ಎತ್ತುವಾಗ. ನಾನೂ ಕೊಡಬೇಕು ಅಂತಷ್ಟೇ ನನಗೆ ಕೇಳಿಸುತ್ತಿತ್ತು. ಸಾಹುಕಾರರ ಸಾಲಿನಲ್ಲಿ ನಾನೇ ನಿಂತಿದ್ದೇನೆ ಅಂತ ಯಾವತ್ತೂ ಹೊಳೆದಿರಲಿಲ್ಲ. ಸೊಂಟದ ಹತ್ತಿರ ನಿಂತುಹೋದ ಹಾಲಿನ ಕಥೆ ಕೇಳಿದ ಮೇಲೆ ಹೊಳೆಯಿತು. ಸ್ವಲ್ಪ ಹೊತ್ತು ಮಾತು ಬರಲಿಲ್ಲ. ತಪಸ್ಸು ಕಾಲದಲ್ಲಿ ನಾನು ಮಾಡಿದ ಪ್ರಾರ್ಥನೆ ಅಂತ ಇದ್ದರೆ, ಆ ಮಂಟಪದಲ್ಲಿ ಸುಮ್ನೆ ಕೂತಿದ್ದದ್ದೇ.

"ಏನ್ ಹೆಸರು ಆಕಿದು?" ಅಜ್ಜಿ ಕೇಳಿದರು.

"ಹೆಸರು ಬರೆದಿಲ್ಲ ಅಜ್ಜಿ."

"ಈಕಿದೂ ಇಲ್ಲ ನೋಡು. ಕಾಯಿ ಹೆಸರ ಇಟ್ಟಾರ."

ಮೊಮ್ಮಗ ಬಂದು ಅವರನ್ನು ಡೋಲಿಯಲ್ಲಿ ಕೂರಿಸಿದ. ನಾನು ಮತ್ತೆ ಕುಣಿಯುತ್ತಾ ಇಳಿದೆ. ಮುಂದಿನ ಭಾನುವಾರ ಪೂಜೆಗೆ ಹೋದಾಗ ನನ್ನ ಬೆಂಚು ಬಿಟ್ಟು ಬೇರೆ ಕಡೆ ಕೂತೆ. ಹೆಸರು ಇನ್ನೂ ಅಳಿಸಿಲ್ಲ.