ಗಾರ್ಟನ್ ಮಠಕ್ಕೆ ಮರಳಿದ ಹನ್ನೆರಡು ಸಂತರು

ಮ್ಯಾಂಚೆಸ್ಟರಿನ ಗಾರ್ಟನ್ ಬಡಾವಣೆಯಲ್ಲಿರುವ ಸಂತ ಫ್ರಾನ್ಸಿಸರ ಚರ್ಚನ್ನೂ ಅದಕ್ಕೆ ಹೊಂದಿಕೊಂಡ ಮಠವನ್ನೂ ದಾವಣಗೆರೆಯಿಂದ ಬರುವ ನೆಂಟರಿಗೆ ನಾನು ತಪ್ಪದೆ ತೋರಿಸುತ್ತೇನೆ. ಹತ್ತಿ ಗಿರಣಿಗಳಿಂದಾಗಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡು, ಆ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನೂ ಕಂಡ ಊರಿನವರಿಗೆ ಇದರ ಕಥೆಯನ್ನು ಬಿಡಿಸಿ ಹೇಳಬೇಕಾಗುವುದಿಲ್ಲ.

1866ರಿಂದ 1872ರವರೆಗೆ ಫ್ರಾನ್ಸಿಸ್ಕನ್ ಸನ್ಯಾಸಿಗಳು ತಾವೂ ಕೈಜೋಡಿಸಿ ಕಟ್ಟಿದ ಈ ನವಗಾಥಿಕ್ ಚರ್ಚಿನ ನಕ್ಷೆ ಎಡ್ವರ್ಡ್ ವೆಲ್ಬಿ ಪ್ಯೂಜಿನ್ ಅವರದು. ಸುತ್ತಲಿನ ಕಾರ್ಖಾನೆಗಳು ಮುಚ್ಚಿ, ಹಳೆಯ ಮನೆಗಳನ್ನು ಕೆಡವಿ, ಜನರನ್ನು ಬೇರೆಡೆಗೆ ಸಾಗಿಸಿದ ಮೇಲೆ ಭಕ್ತರೇ ಉಳಿಯಲಿಲ್ಲ. 1989ರಲ್ಲಿ ಸನ್ಯಾಸಿಗಳೂ ಹೊರಟರು. ಫ್ಲಾಟುಗಳನ್ನಾಗಿಸಲು ಕೊಂಡ ಬಿಲ್ಡರ್ ದಿವಾಳಿಯಾದ ಬಳಿಕ, ಕಿತ್ತೊಯ್ಯಲು ಬರುವಂಥದ್ದೆಲ್ಲ ಕಳ್ಳರ ಪಾಲಾಯಿತು. ಒಳಗಿನ ಕಂಬಗಳ ಮೇಲೆ ಎತ್ತರದಲ್ಲಿ ನಿಂತಿದ್ದ ಹನ್ನೆರಡು ಸಂತರ ಕಲ್ಲಿನ ಪ್ರತಿಮೆಗಳು 1994ರಲ್ಲಿ ತೋಟದ ಅಲಂಕಾರದ ವಸ್ತುಗಳೆಂದು ಹರಾಜಿನ ಪಟ್ಟಿ ಸೇರಿದ್ದವು. ನಗರಸಭೆ ಅವನ್ನು ಕೊಂಡು ಉಳಿಸಿತು. ದುರಸ್ತಿಯ ನಂತರ ಅವು ತಮ್ಮ ಜಾಗಕ್ಕೇ ಮರಳಿವೆ.

ಚಿಕ್ಕಂದಿನಲ್ಲಿ ಇದೇ ಚರ್ಚಿನ ಪೂಜಾವಿಧಿಯಲ್ಲಿ ಪಾದ್ರಿಗಳಿಗೆ ನೆರವಾಗುತ್ತಿದ್ದವರೊಬ್ಬರು ಪತ್ನಿಯೊಂದಿಗೆ ಸೇರಿ 1996ರಲ್ಲಿ ಟ್ರಸ್ಟ್ ಕಟ್ಟಿದರು. ಟ್ರಸ್ಟ್ ಇದನ್ನು ಕೊಂಡದ್ದು ಒಂದು ಪೌಂಡಿಗೆ. ದುರಸ್ತಿಗೆ ತಗುಲಿದ್ದು ಸುಮಾರು 65 ಲಕ್ಷ ಪೌಂಡು. 2007ರಲ್ಲಿ ಮತ್ತೆ ತೆರೆದ ಕಟ್ಟಡದಲ್ಲಿ ಈಗ ಮದುವೆ, ಸಂಗೀತ ಕಛೇರಿ, ಸಭೆಗಳು ನಡೆಯುತ್ತವೆ. ಇದನ್ನು ಕೇಳಿದ ನಮ್ಮ ದೊಡ್ಡಪ್ಪ, “ಮಠದಾಗ ಮದುವಿ ಮಾಡಾದು ನಮಗೇನು ಹೊಸದೇನಪ?” ಎಂದು ನಕ್ಕರು.

ಅವರ ಆಸಕ್ತಿಯೆಲ್ಲ ಗಾರೆಯ ಮೇಲಿತ್ತು. ಇಂಥ ಹಳೆಯ ಇಟ್ಟಿಗೆ ಗೋಡೆಯ ಸಂದುಗಳಿಗೆ ಸುಣ್ಣದ ಗಾರೆಯೇ ಆಗಬೇಕು. ಅದು ಇಟ್ಟಿಗೆಗಿಂತ ಮೆದುವಾಗಿದ್ದು, ಗೋಡೆ ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ತುಂಬಿದರೆ ನೀರು ಒಳಗೇ ಉಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಇಟ್ಟಿಗೆಯ ಮುಖವೇ ಚಕ್ಕೆಯೆದ್ದು ಉದುರುತ್ತದೆ. ಎತ್ತು ಕಟ್ಟಿ ಗಾರೆ ಅರೆಯುವುದನ್ನು ಕಂಡಿದ್ದ ದೊಡ್ಡಪ್ಪನಿಗೆ ಇದು ಒಂದೇ ಮಾತಿಗೆ ಅರ್ಥವಾಯಿತು. ನಮ್ಮ ಕಡೆ ಹಿಮವಿಲ್ಲದಿದ್ದರೂ, ಹಳೆಯ ಗುಡಿಗಳ ಗೋಡೆಗೆ ಸಿಮೆಂಟು ಮೆತ್ತಿ ಮೇಲೆ ಎನಾಮಲ್ ಬಣ್ಣ ಬಳಿಯುವ ನಮ್ಮ ಜೀರ್ಣೋದ್ಧಾರ ಸಮಿತಿಗಳಿಗೆ ಇದನ್ನು ಯಾರು ಹೇಳಬೇಕೋ ತಿಳಿಯದು.

ದುರಸ್ತಿಗಿಂತ ಬಳಕೆಯ ಪ್ರಶ್ನೆಯೇ ಕಠಿಣವೆಂದು ನನಗೆ ತೋರುತ್ತದೆ. ಮದುವೆಗಳ ವರಮಾನವಿಲ್ಲದಿದ್ದರೆ ಇಷ್ಟು ಎತ್ತರದ ಮಾಡಿನ ನಿರ್ವಹಣೆ ಒಂದು ಟ್ರಸ್ಟಿನ ಕೈಯಲ್ಲಾಗುವ ಮಾತಲ್ಲ. ಆದರೆ ಅಲ್ಲಿ ಮದುವೆ ಮಾಡುವ ಶಕ್ತಿ ಗಾರ್ಟನ್ನಿನ ಎಷ್ಟು ಮನೆಗಳಿಗಿದೆಯೋ ಎಂಬ ಅನುಮಾನ ನನಗೆ ಪ್ರತಿ ಸಲವೂ ಬರುತ್ತದೆ.