"ಮೇಯರ್‌ಗೆ ಒಂದ್ ಮಾತು ಹೇಳಿ ಮೇಡಂ": ಟೌನ್‌ಶಿಪ್ ಆಫೀಸಿನ ಒಳಗಿಂದ ಕಂಡದ್ದು

ನಾನು ನ್ಯೂಜೆರ್ಸಿಯ ಒಂದು ಸಬರ್ಬನ್ ಟೌನ್‌ಶಿಪ್‌ನ (ಇಲ್ಲಿನ ಒಂದು ಥರದ ಪುರಸಭೆ) ಫೈನಾನ್ಸ್ ಡಿಪಾರ್ಟ್‌ಮೆಂಟಲ್ಲಿ ಕೆಲಸ ಮಾಡ್ತೀನಿ. ಬಜೆಟ್ಟು, ಪರ್ಚೇಸ್ ಆರ್ಡರ್ರು, ಕೌನ್ಸಿಲ್ ಮುಂದೆ ಹೋಗೋ ಬಿಲ್ ಲಿಸ್ಟು ಎಲ್ಲ ನಮ್ಮ ಟೇಬಲ್ ದಾಟಿಯೇ ಹೋಗ್ಬೇಕು. ಈ ಕಡೆ ಕನ್ನಡದವರು ತುಂಬ ಜನ ಇದಾರೆ, ದೇವಸ್ಥಾನದಲ್ಲೋ ಯುಗಾದಿ ಕಾರ್ಯಕ್ರಮದಲ್ಲೋ ಸಿಕ್ಕಾಗ ನನ್ನ ಕೆಲಸ ಏನು ಅಂತ ಗೊತ್ತಾದ ತಕ್ಷಣ ಹೆಚ್ಚುಕಮ್ಮಿ ಎಲ್ರೂ ಹೇಳೋದು ಒಂದೇ, "ಓ ಮುನ್ಸಿಪಾಲ್ಟಿನಾ, ಹಂಗಾದ್ರೆ ಮೇಯರ್‌ಗೆ ಒಂದ್ ಮಾತು ಹೇಳಿ ಮೇಡಂ, ನಮ್ ರೋಡಿಗೆ ಟಾರ್ ಹಾಕ್ಸಿ." ಅವರು ಕೇಳೋದ್ರಲ್ಲಿ ತಪ್ಪೇನಿಲ್ಲ, ನಾವು ಬೆಳೆದಿದ್ದೇ ಹಾಗೆ. ಆದ್ರೆ ನಮ್ಮ ಟೌನ್‌ಶಿಪ್‌ನಲ್ಲಿ ಟಾರ್ ಹಾಕಿಸೋ ಅಧಿಕಾರ ಮೇಯರ್‌ಗೆ ಇಲ್ಲವೇ ಇಲ್ಲ, ಇದನ್ನ ನಿಂತ ನಿಲುವಲ್ಲೇ ವಿವರಿಸೋಕೆ ಆಗಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ನ್ಯೂಜೆರ್ಸಿಲಿ 564 ಮುನ್ಸಿಪಾಲಿಟಿಗಳಿವೆ, ಒಂದೊಂದರ ಆಡಳಿತ ಒಂದೊಂದು ಥರ. 1950ರಲ್ಲಿ ಫಾಕ್ನರ್ ಆಕ್ಟ್ ಅಂತ ಒಂದು ಕಾನೂನು ಬಂತು (ಮಾಂಟ್‌ಕ್ಲೇರ್‌ನ ಮಾಜಿ ಮೇಯರ್ ಬೇಯಾರ್ಡ್ ಫಾಕ್ನರ್ ಹೆಸರಲ್ಲಿ), ಊರಿನ ಜನ ತಮಗೆ ಬೇಕಾದ ಮಾದರಿ ಆರಿಸ್ಕೋಬಹುದು ಅಂತ. ಎಡಿಸನ್ ಅನ್ನೋ ಊರಿನವರು ಮೇಯರ್‌ನ ನೇರ ಆರಿಸ್ತಾರೆ, ಆ ಮೇಯರ್‌ಗೆ ವೀಟೋ ಇದೆ, ಆಡಳಿತ ಅವರ ಕೈಲೇ ಇರತ್ತೆ. ಪ್ಲೇನ್ಸ್‌ಬರೋದಲ್ಲಿ ಫಾಕ್ನರ್ ಆಕ್ಟೇ ಅಲ್ಲ, ಹಳೇ ಕಾಲದ ಟೌನ್‌ಶಿಪ್ ಕಮಿಟಿ ಪದ್ಧತಿ, ಜನ ಆರಿಸಿದ ಒಂದು ಕಮಿಟಿನೇ ಆಡಳಿತ ನೋಡೋದು. ಟೀನೆಕ್‌ನಲ್ಲಿ ಮತ್ತೆ ನಮ್ಮಲ್ಲಿ ಕೌನ್ಸಿಲ್-ಮ್ಯಾನೇಜರ್ ಪದ್ಧತಿ. ಎಡಿಸನ್‌ನಲ್ಲಿ ಬಾಡಿಗೆಗಿದ್ದು ನಮ್ಮ ಕಡೆ ಮನೆ ತಗೊಂಡು ಬಂದವರು ಇಲ್ಲೂ ಅದೇ ಅನ್ಕೊಳ್ಳೋದು ಸಹಜ.

ನಮ್ಮದರಲ್ಲಿ ಜನ ಕೌನ್ಸಿಲ್‌ನ ಆರಿಸ್ತಾರೆ. ಆ ಕೌನ್ಸಿಲ್ ಸೇರಿ ಒಬ್ಬ ಮ್ಯಾನೇಜರ್‌ನ ಕೆಲಸಕ್ಕೆ ತಗೊಳ್ಳತ್ತೆ, ಆಡಳಿತದ ಅನುಭವ ಮತ್ತೆ ಅರ್ಹತೆ ನೋಡಿ, ಪಾರ್ಟಿ ನೋಡಿ ಅಲ್ಲ. ನೇಮಕ ಆಗೋ ಹೊತ್ತಿಗೆ ಅವರು ಅದೇ ಊರಿನವರಾಗಿರ್ಬೇಕು ಅಂತಾನೂ ಇಲ್ಲ. ಪೊಲೀಸು, ರಸ್ತೆ, ಪಾರ್ಕು, ಹಣಕಾಸು, ದಿನನಿತ್ಯದ ಆಡಳಿತದಲ್ಲಿ ಎಲ್ಲ ಡಿಪಾರ್ಟ್‌ಮೆಂಟ್ ಹೆಡ್‌ಗಳೂ ಉತ್ತರ ಕೊಡಬೇಕಾದ್ದು ಮ್ಯಾನೇಜರ್‌ಗೆ. ಬಜೆಟ್ ತಯಾರು ಮಾಡಿ ಕೌನ್ಸಿಲ್ ಮುಂದಿಡೋದು ಅವರೇ, ಮೀಟಿಂಗಲ್ಲಿ ಮಾತಾಡ್ಬಹುದು ಆದ್ರೆ ವೋಟ್ ಇಲ್ಲ. ಮೇಯರ್ ಅಂದ್ರೆ ಮೀಟಿಂಗ್ ನಡೆಸೋರು, ಉಳಿದವರ ಹಾಗೆ ಅವರಿಗೂ ಒಂದು ವೋಟು, ವೀಟೋ ಇಲ್ಲ. ಲೈಬ್ರರಿ ಬೋರ್ಡಿಗೆ ಟ್ರಸ್ಟಿಗಳನ್ನ ನೇಮಿಸೋ ಥರದ ಕೆಲವು ಅಧಿಕಾರ ಬಿಟ್ರೆ ಒಬ್ಬರೇ ನಿಂತು ಮಾಡೋ ಕೆಲಸ ಹೆಚ್ಚಿಲ್ಲ.

ಈಗ ನಾನು ನಿಜವಾಗ್ಲೂ ಹೇಳ್ಬೇಕಾಗಿರೋದಕ್ಕೆ ಬರ್ತೀನಿ. ಆ ಫಾಕ್ನರ್ ಆಕ್ಟಲ್ಲಿ ಒಂದು ಸೆಕ್ಷನ್ ಇದೆ, ಕೌನ್ಸಿಲ್ ಏನೇ ಮಾಡಿದ್ರೂ ಒಂದು ಸಭೆಯಾಗಿ ಮಾಡ್ಬೇಕು, ಯಾವ ಮೆಂಬರ್ರೂ ಒಬ್ಬೊಬ್ಬರಾಗಿ ಮ್ಯಾನೇಜರ್ ಮೇಲಾಗಲಿ ಆಫೀಸರ್‌ಗಳ ಮೇಲಾಗಲಿ ಪ್ರಭಾವ ಬೀರೋ ಹಾಗಿಲ್ಲ, ಇಂಥವರನ್ನ ಕೆಲಸಕ್ಕೆ ತಗೊಳ್ಳಿ ಇಂಥವರನ್ನ ತೆಗೀರಿ ಅನ್ನೋ ಹಾಗಿಲ್ಲ, ಕೆಳಗಿನ ನೌಕರರಿಗೆ ಬಹಿರಂಗವಾಗೂ ಆರ್ಡರ್ ಕೊಡೋ ಹಾಗಿಲ್ಲ, ಗುಟ್ಟಾಗೂ ಕೊಡೋ ಹಾಗಿಲ್ಲ, ಏನಿದ್ರೂ ಮ್ಯಾನೇಜರ್ ಮೂಲಕ ಬರ್ಬೇಕು. ಮೊದಲು ಇದನ್ನ ಓದಿದಾಗ ಇದೂ ಒಂದು ನಿಯಮ ಅನ್ನಿಸಿತ್ತು ಅಷ್ಟೇ. ಅದರ ಬೆಲೆ ಗೊತ್ತಾಗಿದ್ದು ಒಂದು ದೊಡ್ಡ ಸ್ನೋ ಬಿದ್ದ ರಾತ್ರಿ.

ಸ್ನೋ ಬಿದ್ದಾಗ ಓವರ್‌ಟೈಮ್, ಉಪ್ಪು, ಹೊರಗಿನ ಕಾಂಟ್ರಾಕ್ಟರ್ ಗಾಡಿಗಳ ಲೆಕ್ಕಕ್ಕೆ ಅಂತ ನಮ್ಮ ಆಫೀಸಿನವರೂ ಒಬ್ಬರು ಪಬ್ಲಿಕ್ ವರ್ಕ್ಸ್ ಗ್ಯಾರೇಜಲ್ಲಿ ಕೂರೋದುಂಟು, ಆವತ್ತು ನಾನಿದ್ದೆ. ಸ್ನೋ ತಳ್ಳೋ ಪ್ಲೌ ಗಾಡಿಗಳಿಗೆ ರೂಟ್ ಮ್ಯಾಪ್ ಮೊದಲೇ ಬರೆದಿಟ್ಟಿರ್ತಾರೆ, ಮೊದಲು ದೊಡ್ಡ ರಸ್ತೆ, ಏರು ಇರೋ ರಸ್ತೆ, ಶಾಲೆ, ಫೈರ್ ಹೌಸ್ ಸುತ್ತಮುತ್ತ, ಆಮೇಲೆ ಒಳಗಿನ ಬೀದಿಗಳು, ಕೊನೇಗೆ ಕಲ್-ಡಿ-ಸ್ಯಾಕ್, ಅಂದ್ರೆ ಮುಂದಕ್ಕೆ ದಾರಿ ಇಲ್ಲದ ಬೀದಿ. ಅರ್ಧರಾತ್ರಿ ಒಬ್ಬ ಕೌನ್ಸಿಲ್ ಮೆಂಬರ್ ಫೋರ್‌ಮನ್‌ಗೇ ಫೋನ್ ಮಾಡಿದ್ರು, ನಮ್ಮ ಕಡೆ ಒಂದು ಕಲ್-ಡಿ-ಸ್ಯಾಕಿಂದ ತುಂಬ ಕಂಪ್ಲೇಂಟ್ ಬರ್ತಿದೆ ಒಂದು ಗಾಡಿ ಆಕಡೆ ತಿರುಗಿಸಿ ಅಂತ. ಫೋರ್‌ಮನ್ ಗಟ್ಟಿ ಮನುಷ್ಯ, ದನಿ ಏರಿಸ್ಲಿಲ್ಲ, "ಸರ್, ನಿಮ್ಮ ಕಂಪ್ಲೇಂಟು ಈಗ್ಲೇ ಮ್ಯಾನೇಜರ್‌ಗೆ ಕಳಿಸ್ತೀನಿ, ಅವರು ಹೇಳಿದ್ರೆ ಗಾಡಿ ಬರತ್ತೆ" ಅಂದು ಫೋನಿಟ್ಟು ಮೆಸೇಜ್ ಕಳ್ಸಿದ್ರು. ಹತ್ತು ನಿಮಿಷದಲ್ಲಿ ಮ್ಯಾನೇಜರ್ ಉತ್ತರ ಬಂತು, ರೂಟ್ ಬದಲಾಯಿಸ್ಬೇಡಿ, ಅಲ್ಲಿ ಯಾರಿಗಾದ್ರೂ ಮೆಡಿಕಲ್ ಎಮರ್ಜೆನ್ಸಿ ಇದೆಯಾ ಮಾತ್ರ ವಿಚಾರಿಸಿ. ಯಾರಿಗೂ ಇರ್ಲಿಲ್ಲ, ಆ ಬೀದಿ ಅದರ ಸರದಿ ಬಂದಾಗಲೇ ಕ್ಲಿಯರ್ ಆಯ್ತು.

ಆ ಫೋರ್‌ಮನ್ ಜಾಗದಲ್ಲಿ ನಮ್ಮೂರ ಕಡೆಯ ಒಬ್ಬ ಸೂಪರ್‌ವೈಸರ್‌ನ ಇಟ್ಟು ನೋಡ್ದೆ ನಾನು. ನಮ್ಮ ದೊಡ್ಡಪ್ಪ ಪುರಸಭೆಲಿ ಇದ್ದವರು, ಕೌನ್ಸಿಲರ್ ಫೋನ್ ಮಾಡಿ ನೀರಿನ ಟ್ಯಾಂಕರ್ ಈ ಬೀದಿಗೆ ಕಳ್ಸು ಅಂದ್ರೆ ಇಲ್ಲ ಅನ್ನೋ ಧೈರ್ಯ ಎಲ್ಲಿಂದ ಬರ್ಬೇಕು, ಹೇಳಿದ್ರೆ ಟ್ರಾನ್ಸ್‌ಫರ್ ಭಯ, ಹೇಳ್ದಿದ್ರೆ ಪಕ್ಕದ ಬೀದಿಯವರ ಬೈಗುಳ. ಮದುವೆ ಮನೇಲಿ ಬೀಗರು, ಮಾವ, ಸೋದರತ್ತೆ ಎಲ್ರೂ ಒಬ್ಬೊಬ್ರಾಗಿ ಅಡುಗೆಭಟ್ಟರ ಹತ್ರ ಹೋಗಿ ಒಂದೊಂದು ಹೇಳಿದ್ರೆ ಊಟ ಹೊತ್ತಿಗೆ ಆಗಲ್ವಲ್ಲ, ಅದೇ ಪರಿಸ್ಥಿತಿ. ಇಲ್ಲಿ ಆ ಒಂದು ಸೆಕ್ಷನ್ನು ಫೋರ್‌ಮನ್ ಬೆನ್ನಿಗೆ ನಿಂತಿರತ್ತೆ. ಜೊತೆಗೆ ಯಾವ ಮೆಂಬರ್ ಪರಿಚಯಾನೂ ಇಲ್ಲದ ಮನೆಗಳ ಬೆನ್ನಿಗೂ ನಿಂತಿರತ್ತೆ, ಹೊಸದಾಗಿ ಬಂದ ನಮ್ಮಂಥವರು ಹೆಚ್ಚಿನವರು ಆ ಗುಂಪಲ್ಲೇ ಇರೋದು.

ಊರಲ್ಲೂ ಪುರಸಭೆಗೆ ಮುಖ್ಯಾಧಿಕಾರಿ, ನಗರಸಭೆಗೆ ಪೌರಾಯುಕ್ತರು ಇದಾರಲ್ಲ ಅಂತ ಕೇಳ್ತಾರೆ. ಇದಾರೆ, ಆದ್ರೆ ಅವರನ್ನ ಕಳ್ಸೋದು ರಾಜ್ಯ ಸರ್ಕಾರ, ಎತ್ತಂಗಡಿ ಮಾಡೋದೂ ಸರ್ಕಾರ. ಇಲ್ಲಿ ಮ್ಯಾನೇಜರ್‌ನ ತರೋದೂ ಕೌನ್ಸಿಲ್, ತೆಗೆಯೋದೂ ಕೌನ್ಸಿಲ್, ರಾಜ್ಯದ ರಾಜಧಾನಿ ಟ್ರೆಂಟನ್‌ನಿಂದ ಯಾರೂ ಕಳಿಸಲ್ಲ. ಅವಧಿ ಅಂತ ಇಲ್ಲ, ಬಹುಮತ ಇದ್ರೆ ತೆಗೀಬಹುದು, ಆದ್ರೆ ಠರಾವು ಮಾಡಿ ಮೊದಲೇ ತಿಳಿಸ್ಬೇಕು, ಅವರು ಕೇಳಿದ್ರೆ ಬಹಿರಂಗ ವಿಚಾರಣೆ ಕೊಡ್ಬೇಕು. ನನ್ನ ಮಟ್ಟಿಗೆ ಈ ಪದ್ಧತಿಯ ಜೀವ ಇರೋದೇ ಇಲ್ಲಿ, ದಿನದ ಕೆಲಸದಲ್ಲಿ ಯಾರೂ ಕೈ ಹಾಕಂಗಿಲ್ಲ, ಆದ್ರೆ ಒಟ್ಟು ಕೆಲಸ ಸರಿ ಇಲ್ಲ ಅಂದ್ರೆ ಊರಿನ ಪ್ರತಿನಿಧಿಗಳೇ ಮನೆಗೆ ಕಳಿಸ್ಬಹುದು.

ಈ ಯೋಚನೆ ಹಳೇದು. ವರ್ಜೀನಿಯಾದ ಸ್ಟಾಂಟನ್ ಊರು 1908ರಲ್ಲೇ ಒಬ್ಬ ಜನರಲ್ ಮ್ಯಾನೇಜರ್‌ನ ನೇಮಿಸ್ತು, 1913ರ ಮಾರ್ಚಲ್ಲಿ ಒಹಾಯೋದ ಡೇಟನ್‌ನಲ್ಲಿ ಭಾರೀ ಪ್ರವಾಹ ಬಂದ ಮೇಲೆ ಆ ದೊಡ್ಡ ನಗರ ಇದಕ್ಕೆ ಬದಲಾಯ್ತು, ಆಮೇಲೆ ದೇಶದ ತುಂಬ ಹರಡ್ತು. ಫೈನಾನ್ಸ್‌ನವಳಾಗಿ ನನಗೆ ಇಷ್ಟ ಆಗೋದು ಟೀನೆಕ್ ಕಥೆ. 1930ರಲ್ಲಿ ಸಾಲದಲ್ಲಿ ಮುಳುಗಿದ್ದ ಆ ಟೌನ್‌ಶಿಪ್ ಮ್ಯಾನೇಜರ್ ಪದ್ಧತಿಗೆ ಬಂದು ಪಾಲ್ ವೋಲ್ಕರ್ ಅನ್ನೋರನ್ನ ತಂತು, ಅವರು 1950ರ ತನಕ ಇದ್ದು ಊರಿನ ಹಣಕಾಸು ನೆಟ್ಟಗೆ ಮಾಡಿದ್ರು. ಅದೇ ಹೆಸರಿನ ಅವರ ಮಗ ಮುಂದೆ 1979ರಲ್ಲಿ ಫೆಡರಲ್ ರಿಸರ್ವ್ ಮುಖ್ಯಸ್ಥರಾಗಿ ಅಮೆರಿಕದ ಹಣದುಬ್ಬರ ಇಳಿಸಿದವರು.

ದುಡ್ಡಿನ ವಿಷಯಕ್ಕೆ ಬಂದ್ರೆ ನಮ್ಮ ಕೌಂಟರ್‌ಗೆ ಸಿಟ್ಟಲ್ಲಿ ಬರೋರು ಹೆಚ್ಚಿನವರು ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಹಿಡ್ಕೊಂಡು ಬರ್ತಾರೆ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ 1ನೇ ತಾರೀಕು ಕಂತು. ಇಷ್ಟು ದುಡ್ಡು ತಗೊಂಡು ನೀವೇನ್ ಮಾಡ್ತೀರ ಅಂತ ಕೇಳ್ತಾರೆ, ಅವರ ಸಿಟ್ಟು ನನಗೆ ಅರ್ಥ ಆಗತ್ತೆ, ನಾನೂ ಕಟ್ಟೋಳೇ. ಆದ್ರೆ ಬಿಲ್ ನಮ್ಮ ಹೆಸರಲ್ಲಿ ಹೋದ್ರೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಕೂಲ್ ಡಿಸ್ಟ್ರಿಕ್ಟಿಗೆ ಹೋಗತ್ತೆ, ಒಂದಷ್ಟು ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ), ಸ್ಕೂಲ್ ಬೋರ್ಡ್ ಬೇರೆ ಚುನಾವಣೆ ಬೇರೆ ಆಡಳಿತ, ನಮ್ಮ ಮ್ಯಾನೇಜರ್‌ಗೂ ಅದಕ್ಕೂ ಸಂಬಂಧ ಇಲ್ಲ. ಹೊರಗಿನವರಿಗೆ ಗೊತ್ತಿಲ್ದೇ ಇರೋ ಇನ್ನೊಂದು ವಿಷಯ ಅಂದ್ರೆ ಯಾರಾದ್ರೂ ಟ್ಯಾಕ್ಸ್ ಕಟ್ಟದಿದ್ರೂ ಸ್ಕೂಲಿಗೂ ಕೌಂಟಿಗೂ ಪೂರ್ತಿ ದುಡ್ಡು ಟೌನ್‌ಶಿಪ್ ಕೊಡ್ಲೇಬೇಕು, ಬಾಕಿಯ ಹೊರೆ ಪೂರ್ತಿ ನಮ್ಮ ಮೇಲೆ, ಅದಕ್ಕೆ ಅಂತಾನೇ ಬಜೆಟ್ಟಲ್ಲಿ ಒಂದು ರಿಸರ್ವ್ ಎತ್ತಿಡ್ತೀವಿ. ಮೇಲೆ 2% ಕ್ಯಾಪ್, ಅಂದ್ರೆ ಸಾಲದ ಕಂತು, ಪೆನ್ಷನ್ ಥರದ ಕೆಲವು ವಿನಾಯಿತಿ ಬಿಟ್ರೆ ಟ್ಯಾಕ್ಸ್ ಲೆವಿ, ಅಂದ್ರೆ ಟ್ಯಾಕ್ಸಿಂದ ಎತ್ತೋ ಒಟ್ಟು ದುಡ್ಡು, ವರ್ಷಕ್ಕೆ ಅದಕ್ಕಿಂತ ಹೆಚ್ಚು ಏರಿಸ್ಬೇಕಾದ್ರೆ ಜನರ ವೋಟಿಗೆ ಹಾಕ್ಬೇಕು.

ಬಜೆಟ್ ಜನವರಿಯಿಂದ ಡಿಸೆಂಬರ್‌ಗೆ, ಆದ್ರೆ ಪಾಸಾಗೋದು ವಸಂತದ ಹೊತ್ತಿಗೆ. ಅಲ್ಲಿತನಕ ಹಿಂದಿನ ವರ್ಷದ್ದರ 26.25% ತನಕ ತಾತ್ಕಾಲಿಕ ಬಜೆಟ್ಟಲ್ಲಿ ನಡೆಸ್ತೀವಿ. ಕೌನ್ಸಿಲ್ ಮಂಡಿಸಿದ ಮೇಲೆ ಕನಿಷ್ಠ 28 ದಿನ ಬಿಟ್ಟು ಸಾರ್ವಜನಿಕ ಹಿಯರಿಂಗ್. ಅಷ್ಟು ಹೊತ್ತಿಗೆ ಕೌನ್ಸಿಲ್ ಸದಸ್ಯರು ಒಂದೊಂದು ಸಾಲನ್ನೂ ಜಾಲಾಡಿರ್ತಾರೆ, ಅದು ಅವರ ಹಕ್ಕು, ಚೆನ್ನಾಗಿ ಕೇಳೋ ಕೌನ್ಸಿಲ್ ಇದ್ದ ವರ್ಷ ನಮ್ಮ ಕೆಲಸಾನೂ ಚೆನ್ನಾಗಾಗತ್ತೆ.

ಕ್ರಿಕೆಟ್ ಪಿಚ್ ವಿಷಯ ಹೇಳಿದ್ರೆ ಇದೆಲ್ಲ ಕೂಡಿ ಹೇಗೆ ಕೆಲಸ ಮಾಡತ್ತೆ ಅಂತ ಗೊತ್ತಾಗತ್ತೆ. ನಮ್ಮ ಕಡೆ ವೀಕೆಂಡ್ ಆಡೋ ಹುಡುಗರು, ಕನ್ನಡದವರು ತೆಲುಗಿನವರು ಗುಜರಾತಿಗಳು ಎಲ್ಲ ಇದಾರೆ, ಅವರಿಗೆ ಒಬ್ಬ ಕ್ಯಾಂಡಿಡೇಟ್ ಚುನಾವಣೆಲಿ ಪಿಚ್ ಮಾಡಿಸ್ತೀನಿ ಅಂತ ಮಾತು ಕೊಟ್ಟಿದ್ರು, ಗೆದ್ರು ಕೂಡ, ಆದ್ರೆ ಆಗ್ಲಿಲ್ಲ. ಮೋಸ ಮಾಡಿದ್ರು ಅಂತ ಇವರು ಬೇಜಾರಾಗಿದ್ರು. ನಾನು ಹೇಳಿದ್ದು ಅವರು ಮೋಸ ಮಾಡಿಲ್ಲ, ಒಬ್ಬರ ಕೈಲಿ ಆಗೋ ಕೆಲಸಾನೇ ಅಲ್ಲ ಅದು, ನೀವು ಇಡೀ ಕೌನ್ಸಿಲ್ ಹತ್ರ ಮಾತಾಡಿ ಅಂತ. ಅವರು ಮೀಟಿಂಗಲ್ಲಿ ಜನ ಮಾತಾಡೋ ಪಬ್ಲಿಕ್ ಕಮೆಂಟ್‌ಗೆ ಬಂದ್ರು, ಸರದಿ ಪ್ರಕಾರ ಮೈಕ್ ಮುಂದೆ ನಿಂತ್ರು, ಎಷ್ಟು ಮಕ್ಕಳು ಆಡ್ತಾರೆ, ಈಗ ಎಲ್ಲೆಲ್ಲಿ ದೂರ ಹೋಗ್ತಾರೆ ಅಂತ ಸಮಾಧಾನವಾಗಿ ಹೇಳಿದ್ರು, ಮುಂದಿನ ಮೀಟಿಂಗಿಗೂ ಬಂದ್ರು. ಕೌನ್ಸಿಲ್ ಮ್ಯಾನೇಜರ್‌ಗೆ ಇದನ್ನ ಪರಿಶೀಲಿಸಿ ಅಂತು. ಆಮೇಲೆ ಚಕ್ರ ತಿರುಗ್ತು, ರಿಕ್ರಿಯೇಶನ್‌ನವರು ಜಾಗ ನೋಡಿದ್ರು, ಎಂಜಿನಿಯರ್ ವೆಟ್‌ಲ್ಯಾಂಡ್ ಇದೆಯಾ ಅಂತ ನೋಡಿ ಎಸ್ಟಿಮೇಟ್ ಮಾಡಿದ್ರು, 6 ವರ್ಷದ ಕ್ಯಾಪಿಟಲ್ ಪ್ರೋಗ್ರಾಮಲ್ಲಿ (ದೊಡ್ಡ ಕೆಲಸಗಳ ಯೋಜನೆ) ಸೇರ್ತು, ಪಾರ್ಕಿನ ಬೇರೆ ಕೆಲಸಗಳ ಜೊತೆ ಬಾಂಡ್ ಆರ್ಡಿನೆನ್ಸ್ ಬಂತು.

ಬಾಂಡ್ ಅಂದ್ರೆ ಸಾಲ, ಅದಕ್ಕೆ ಬರೀ ಬಹುಮತ ಸಾಲಲ್ಲ, ಕೌನ್ಸಿಲ್‌ನ ಪೂರ್ತಿ ಸಂಖ್ಯೆಯ ಮೂರನೇ ಎರಡು ಭಾಗ ಬೇಕು, 5 ಜನರಲ್ಲಿ 4. ಸಾಮಾನ್ಯವಾಗಿ 5% ಮೊದಲೇ ಕೈಯಿಂದ ಹಾಕಿರ್ಬೇಕು. ಎರಡು ರೀಡಿಂಗ್, ಅಂದ್ರೆ ಎರಡು ಸಲ ಕೌನ್ಸಿಲ್ ಮುಂದೆ ಬರ್ಬೇಕು, ಎರಡನೇದರಲ್ಲಿ ಜನ ಮಾತಾಡ್ಬಹುದು, ಪಾಸಾದ ಮೇಲೆ ಪ್ರಕಟಣೆಯಾಗಿ 20 ದಿನ ಕಾಯ್ಬೇಕು. ಆಮೇಲೆ ಟೆಂಡರ್, ನಮ್ಮಲ್ಲಿ ಕ್ವಾಲಿಫೈಡ್ ಪರ್ಚೇಸಿಂಗ್ ಏಜೆಂಟ್ (ಸರ್ಟಿಫಿಕೇಟ್ ಪಡೆದ ಖರೀದಿ ಅಧಿಕಾರಿ) ಇರೋದ್ರಿಂದ 2020ರಿಂದ 44 ಸಾವಿರ ಡಾಲರ್, 2025ರ ಜುಲೈಯಿಂದ 53 ಸಾವಿರ ಮೀರಿದ ಕೆಲಸ ಅಂದ್ರೆ ಬಹಿರಂಗ ಬಿಡ್ಡಿಂಗ್. ಕಾಂಟ್ರಾಕ್ಟ್ ಕೊಡೋ ಠರಾವಿಗೆ ಮೊದಲು ದುಡ್ಡಿದೆ ಅಂತ ನಮ್ಮ ಸಿಎಫ್ಒ (ಹಣಕಾಸಿನ ಮುಖ್ಯ ಅಧಿಕಾರಿ) ಸರ್ಟಿಫೈ ಮಾಡ್ಬೇಕು. ನಿಧಾನ ಅನ್ಸತ್ತೆ, ನಿಜವಾಗ್ಲೂ ನಿಧಾನಾನೇ. ಆದ್ರೆ ಪ್ರತಿ ಹಂತದಲ್ಲೂ ಕಾಗದ ಇದೆ, ಓಪ್ರಾ ಅರ್ಜಿ (ನಮ್ಮ ಆರ್‌ಟಿಐ ಥರದ್ದು) ಹಾಕಿದ್ರೆ ಸಾಮಾನ್ಯವಾಗಿ 7 ಕೆಲಸದ ದಿನದೊಳಗೆ ಉತ್ತರ ಕೊಡ್ಬೇಕು, ಯಾರ ಮಾತಿಗೆ ಯಾರು ಮಣಿದ್ರು ಅನ್ನೋ ಗುಸುಗುಸುಗೆ ಜಾಗ ಕಮ್ಮಿ. ಪಿಚ್ ಆಯ್ತು, ಈಗ ಆಡ್ತಿದಾರೆ.

ಕೊರತೆ ಇಲ್ಲ ಅಂತಲ್ಲ. ಮ್ಯಾನೇಜರ್‌ನ ಜನ ವೋಟ್ ಹಾಕಿ ತೆಗೆಯೋಕಾಗಲ್ಲ. ಕೌನ್ಸಿಲ್‌ನವರು ಹಗಲು ಬೇರೆ ಕೆಲಸ ಮಾಡೋರು, ಮಾಹಿತಿ ಎಲ್ಲ ಮ್ಯಾನೇಜರ್ ಕಡೆಯಿಂದಲೇ ಬರತ್ತೆ, ಅವರು ಏನು ಮುಂದಿಡ್ತಾರೋ ಅದರ ಮೇಲೆ ತೀರ್ಮಾನ ನಿಂತಿರತ್ತೆ. ಕೌನ್ಸಿಲ್ ಪ್ರಶ್ನೆ ಕೇಳೋದು ನಿಲ್ಲಿಸಿದ್ರೆ ಇದೇ ಪದ್ಧತಿ ಒಬ್ಬರ ದರ್ಬಾರಾಗತ್ತೆ, ಅದಕ್ಕೇ ಖಾಲಿ ಕುರ್ಚಿಗಳ ಎದುರು ಬಜೆಟ್ ಹಿಯರಿಂಗ್ ನಡೆದಾಗ ನನಗೆ ಸಂಕಟ ಆಗತ್ತೆ. 1975ರ ಕಾನೂನಿನ ಪ್ರಕಾರ ಮೀಟಿಂಗ್ ಬಾಗಿಲು ಎಲ್ಲರಿಗೂ ತೆರೆದಿರತ್ತೆ, ಸಿಬ್ಬಂದಿ ವಿಷಯ, ಕೋರ್ಟ್ ಕೇಸು ಥರದ್ದಕ್ಕೆ ಮಾತ್ರ ಒಳಗೆ ಕೂರ್ತಾರೆ.

ಇನ್ನೊಂದು ದಾರಿನೂ ಇದೆ. ಪ್ಲಾನಿಂಗ್ ಬೋರ್ಡು, ಜೋನಿಂಗ್ ಬೋರ್ಡು, ರಿಕ್ರಿಯೇಶನ್ ಕಮಿಟಿ ಇಲ್ಲೆಲ್ಲ ಊರಿನವರೇ ಕೂರೋದು, ಸಂಬಳ ಇಲ್ಲ. ನಮ್ಮಲ್ಲಿ ಡಿಸೆಂಬರ್ ಒಳಗೆ ಕ್ಲರ್ಕ್ ಆಫೀಸಿಗೆ ಒಂದು ಫಾರ್ಮ್ ಕೊಟ್ರೆ ಜನವರಿಯ ರೀಆರ್ಗನೈಸೇಶನ್ ಮೀಟಿಂಗಲ್ಲಿ ಹೆಸರು ಬರಬಹುದು. ಆ ಕ್ರಿಕೆಟ್ ಗುಂಪಿನ ಒಬ್ಬರು ಈಗ ರಿಕ್ರಿಯೇಶನ್ ಕಮಿಟಿಲಿದಾರೆ, ಈ ವರ್ಷ ಅವರು ಮೊದಲು ಎತ್ತಿರೋದು ಪಾರ್ಕಲ್ಲಿ ಟಾಯ್ಲೆಟ್ ಬೇಕು ಅನ್ನೋ ವಿಷಯ, ಬೆಳಿಗ್ಗೆ ವಾಕಿಂಗ್ ಬರೋ ವಯಸ್ಸಾದವರಿಗೆ ತುಂಬ ಕಷ್ಟ ಆಗ್ತಿದೆ ಅಂತ. ಎಸ್ಟಿಮೇಟ್ ಇನ್ನೂ ನಮ್ಮ ಟೇಬಲ್ಲಿಗೆ ಬಂದಿಲ್ಲ.